ಅರಸೀಕೆರೆಯಲ್ಲಿ ಇಳಿದ ಅಪ್ಪನಿಗೆ

ಲೀಡ್ಸ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಪುಟ್ಟಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮ ಕಳಿಸಿದ ಕಾಫಿಪುಡಿ ತಳ ಕಂಡಿದೆ. ಹಾಸನದಿಂದ ಈ ಕಡೆ ಬರೋರು ಯಾರಾದರೂ ಸಿಕ್ಕರೆ ಚಿಕೋರಿ ಕಮ್ಮಿ ಹಾಕಿಸಿ ಅರ್ಧ ಕೆಜಿ ಕೊಟ್ಟು ಕಳಿಸಿ. ಫೋನಿನಲ್ಲಿ ಏನು ಹೇಳಿದರೂ ನೀವು "ಹೂಂ, ಹೂಂ" ಅಂದು ಅಮ್ಮನ ಕೈಗೆ ಕೊಟ್ಟುಬಿಡ್ತೀರಿ, ಅದಕ್ಕೇ ಈ ಕಾಗದ.

ಇಲ್ಲಿನ ಲೈಬ್ರರಿಯಲ್ಲಿ ತಿಂಗಳಿಗೊಂದು ಸಲ ಹತ್ತು ಹನ್ನೆರಡು ಜನ ಸೇರ್ತೀವಿ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದು ಜಗಳ ಆಡೋದು. ಈ ಸಲ ಪಾಲ್ ಥೆರೂ ಅನ್ನೋ ಅಮೆರಿಕದವನ 'ದಿ ಗ್ರೇಟ್ ರೈಲ್ವೆ ಬಜಾರ್', 1975ರ ಪುಸ್ತಕ. 1973ರಲ್ಲಿ ಲಂಡನ್ನಿನಲ್ಲಿ ರೈಲು ಹತ್ತಿ ಟರ್ಕಿ, ಇರಾನ್, ಪಾಕಿಸ್ತಾನದ ಮೇಲೆ ನಮ್ಮ ದೇಶಕ್ಕೆ ಬಂದು, ಬರ್ಮಾ, ವಿಯೆಟ್ನಾಂ, ಜಪಾನ್ ಎಲ್ಲ ಸುತ್ತಿ ಸೈಬೀರಿಯಾದ ರೈಲಿನಲ್ಲಿ ವಾಪಸ್ಸು ಬಂದವನು. ಊರು ನೋಡೋಕಲ್ಲ, ಟ್ರೇನಿನಲ್ಲಿ ಕೂರೋಕೇ ಹೋದವನು ಅನ್ನಿ.

ನಮ್ಮಲ್ಲೊಬ್ಬರು ರೈಲ್ವೆಯಲ್ಲಿ ಕೆಲಸ ಮಾಡಿ ರಿಟೈರಾದವರು. ಅವರಿಗೆ ಪುಸ್ತಕ ಪ್ರಾಣ. ಎದುರು ಸೀಟಿನವರ ಮಾತನ್ನ ಹೀಗೆ ಹಿಡಿದವನು ಇನ್ನೊಬ್ಬನಿಲ್ಲ ಅಂದರು. ನರ್ಸ್ ಕೆಲಸದ ಹೆಂಗಸಿಗೆ ಮೈ ಉರಿದುಹೋಗಿತ್ತು. "ಹೆಂಡತಿ, ಎರಡು ಚಿಕ್ಕ ಮಕ್ಕಳನ್ನ ಮನೇಲಿ ಬಿಟ್ಟು ನಾಲ್ಕು ತಿಂಗಳು ತಿರುಗಿದ್ದಲ್ಲದೆ ಕಂಡಕಂಡವರನ್ನ ಆಡಿಕೊಳ್ತಾನೆ!" ಅವನು ಅದೇ ದಾರಿ ಹಿಡಿದು ಮತ್ತೊಮ್ಮೆ ಹೋಗಿಬಂದು 2008ರಲ್ಲಿ ಇನ್ನೊಂದು ಪುಸ್ತಕ ತಂದಿದ್ದಾನೆ. ಮೊದಲ ಸಲ ಹೋದಾಗ ಸಂಸಾರ ಹದಗೆಟ್ಟಿತ್ತು ಅಂತ ಅದರಲ್ಲಿ ಅವನೇ ಬರೆದುಕೊಂಡಿದ್ದಾನೆ. ಆ ಸಿಡುಕಿಗೆ ಅದೇ ಕಾರಣವೋ ಏನೋ. ಸಿಡುಕಂತೂ ನಿಜ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು, ಇಂಡಿಯಾಕ್ಕೆಲ್ಲ ನಾನೇ ಜವಾಬ್ದಾರಿ ಅನ್ನೋ ಹಾಗೆ. ಅವನು ದೆಹಲಿಯಿಂದ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ಸಿನಲ್ಲಿ ನೇರ ಮದ್ರಾಸಿಗೆ ಇಳಿದು, ರಾಮೇಶ್ವರದ ಮೇಲೆ ಸಿಲೋನಿಗೆ ಹೋಗಿಬಿಟ್ಟ, ನಮ್ಮ ಕಡೆ ತಲೆ ಹಾಕಲೇ ಇಲ್ಲ ಅಂದೆ. ಬಂದಿದ್ದರೂ ನಮ್ಮ ಘಾಟಿ ಅವನಿಗೆ ಸಿಕ್ತಿರಲಿಲ್ಲ ಬಿಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ರೈಲು ಇಳಿದದ್ದೇ 1979ರಲ್ಲಿ. ನೀವು 57 ಸುರಂಗ ಅಂತ ಹೇಳಿಕೊಟ್ಟು ಎಣಿಸು ಅಂತಿದ್ದಿರಿ. ನನ್ನ ಲೆಕ್ಕ ಒಂದು ಸಲವಾದರೂ 57 ಮುಟ್ಟಲಿಲ್ಲ.

ಆದರೆ ನಾನು ಕಾಗದ ಬರೆಯೋಕೆ ಕೂತದ್ದು ಅದಕ್ಕಲ್ಲ. ಪುಸ್ತಕದ ಶುರುವಿನಲ್ಲೇ ಡಫಿಲ್ ಅನ್ನೋ ಮುದುಕರೊಬ್ಬರು ಬರ್ತಾರೆ. ಕೈತುಂಬ ಕಾಗದದ ಪೊಟ್ಟಣಗಳು. ಓರಿಯಂಟ್ ಎಕ್ಸ್‌ಪ್ರೆಸ್ ಅಂತ ಅಷ್ಟು ದೊಡ್ಡ ಹೆಸರು, ಊಟದ ಬೋಗಿಯೇ ಇಲ್ಲ. ಇಟಲಿಯ ಡೊಮೊಡೊಸ್ಸೊಲಾ ಸ್ಟೇಷನ್ನಿನಲ್ಲಿ ತಿಂಡಿ ತರೋಕೆ ಇಳೀತಾರೆ, ರೈಲು ಹೊರಟುಬಿಡುತ್ತೆ. ಅವರ ಸಾಮಾನು ವೆನಿಸ್ಸಿನಲ್ಲಿ ಇಳಿಸಿ ಇವನು ಮುಂದೆ ಹೋಗ್ತಾನೆ. ಆಮೇಲಿಂದ ರೈಲು ತಪ್ಪಿಸಿಕೊಂಡವರಿಗೆಲ್ಲ ಆ ಮುದುಕರ ಹೆಸರೇ ಕ್ರಿಯಾಪದ. ನಮ್ಮ ಗುಂಪಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ನೆನಪಿದೆಯಾ? ಮೀಟರ್ ಗೇಜಿನ ಕಾಲ. ಬೆಂಗಳೂರಲ್ಲಿ ಮದುವೆ ಮುಗಿಸಿಕೊಂಡು ಬರ್ತಿದ್ವಿ, ಅರಸೀಕೆರೆಯಲ್ಲಿ "ವಡೆ ತರ್ತೀನಿ" ಅಂತ ಇಳಿದಿರಿ. ಟ್ರೇನು ಹೊರಟಿತು. ಅಮ್ಮ ಬಾಗಿಲ ತನಕ ಓಡಿ, ಅಲ್ಲೇ ಕಂಬಿ ಹಿಡಿದುಕೊಂಡು ನಿಂತಳು, ಒಂದು ಮಾತಿಲ್ಲ. ಚೈನ್ ಎಳೀರಿ ಅಂತ ಒಬ್ಬರು, ಬೇಡ ದಂಡ ಹಾಕ್ತಾರೆ ಅಂತ ಇನ್ನೊಬ್ಬರು. ಯಾರೋ ಅಜ್ಜಿ ನನ್ನನ್ನ ಮಡಿಲಿಗೆ ಎಳೆದುಕೊಂಡು ಎಲೆಅಡಿಕೆ ಚೀಲದಿಂದ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿದರು. ಅಪ್ಪ ಇಲ್ಲದ ಆ ಸೀಟು, ಅದರ ಮೇಲೆ ಮಡಚಿಟ್ಟ ನಿಮ್ಮ ಟವಲ್ಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನ ಸ್ಟೇಷನ್ನಿನಲ್ಲಿ ಹಿಂದಿನ ಬೋಗಿಯಿಂದ ಪೊಟ್ಟಣ ಹಿಡಿದುಕೊಂಡು ನಡೆದು ಬಂದಿರಿ. "ವಡೆ ಆರಿಹೋಯ್ತು" ಅಂದಿರಿ, ಅಷ್ಟೇ. ಅಮ್ಮ ಹಾಸನ ಬರೋ ತನಕ ಮಾತಾಡಲಿಲ್ಲ, ವಡೆ ಮಾತ್ರ ತಿಂದಳು.

ಅವತ್ತು ಪ್ಲಾಟ್‌ಫಾರ್ಮಿನಲ್ಲಿ ಏನಾಯ್ತು ಅಂತ ನಾನು ಕೇಳಿದ್ದಕ್ಕೆ ಅಮ್ಮನ ಕಡೆ ನೋಡಿ ಕಣ್ಣು ಮಿಟುಕಿಸಿದ್ದಿರಿ. ವಡೆಯವನ ಹತ್ತಿರ ಚಿಲ್ಲರೆ ಇರಲಿಲ್ಲವೋ, ಗುರುತಿನವರು ಸಿಕ್ಕಿ ಮಾತಿಗೆ ನಿಂತಿರೋ? ಕಾಗದದಲ್ಲೇ ಬರೀರಿ. ಅಮ್ಮನಿಗೆ ತೋರಿಸಲ್ಲ.

ನಿಮ್ಮ ಮಗಳು
ಪುಟ್ಟಿ