ಹಾರಿ ಬಂದದ್ದನ್ನು ಬಿಚ್ಚಿ ನೋಡುವವರು

ಬೈತಖೋಲ, ಕಾರವಾರ
ಜುಲೈ ಮೊದಲ ವಾರ

ಪ್ರೀತಿಯ ಮಗಳೇ,

ಕೆಲಸ ಸಿಕ್ಕಿತೆಂದು ಹೇಳುವಾಗ ಇದ್ದ ಹುರುಪು, ವಿಭಾಗದ ಹೆಸರು ಹೇಳುವ ಹೊತ್ತಿಗೆ ನಿನ್ನ ದನಿಯಿಂದ ಇಳಿದುಹೋಗಿತ್ತು. ಜೊತೆಗೆ ಓದಿದವರಿಗೆ ವಿನ್ಯಾಸ ವಿಭಾಗ, ನಿನಗೆ ತಪಾಸಣೆ ಮತ್ತು ನಿರ್ವಹಣೆ. "ಅಪ್ಪನ ಹಾಗೆ ಸ್ಪ್ಯಾನರ್ ಹಿಡಿಯುವುದಾದರೆ ಐಟಿಐ ಸಾಕಿತ್ತು" ಎಂದೆ. ಸ್ಪ್ಯಾನರಿನ ಮಾತಿಗೆ ನನಗೇನೂ ಬೇಸರವಿಲ್ಲ. ನಿನ್ನ ಕಾಲೇಜಿನ ಶುಲ್ಕ ಕಟ್ಟಿದ್ದು ಅದೇ. ಆದರೆ ತಪಾಸಣೆಯನ್ನು ನೀನು ಎರಡನೆಯ ಪಂಕ್ತಿಯಲ್ಲಿ ಕೂರಿಸಿದ್ದನ್ನು ಒಪ್ಪಲಾರೆ. ಫೋನಿನಲ್ಲಿ ಹೇಳಹೊರಟರೆ "ಆಯಿತಪ್ಪ" ಎಂದು ಇಟ್ಟುಬಿಡುತ್ತೀಯೆ. ಅದಕ್ಕೇ ಈ ಪತ್ರ.

ಇಲ್ಲಿ ಈಗ ಮೀನುಗಾರಿಕೆ ನಿಷೇಧದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಂದರಿಗೆಲ್ಲ ರಜೆ, ನನಗೊಬ್ಬನಿಗೆ ಪುರಸೊತ್ತಿಲ್ಲ. ಹಗಲೆಲ್ಲ ಎಂಜಿನ್ ಬಿಚ್ಚುತ್ತೇನೆ, ರಾತ್ರಿ ಓದುತ್ತೇನೆ. ಮನುಷ್ಯರನ್ನು ಹೊತ್ತು ಹೋಗಿ, ಮರಳಿ ಬಂದು, ಮತ್ತೆ ಹೊರಡುವ ಬಾಹ್ಯಾಕಾಶ ನೌಕೆಗಳ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಹಾರುವ ಚಿತ್ರ ಎಲ್ಲರೂ ನೋಡುತ್ತಾರೆ. ನನಗೆ ಬೇಕಾದದ್ದು ಅದು ಇಳಿದ ಮಾರನೆಯ ದಿನದ ಸುದ್ದಿ.

ಅಮೆರಿಕದ ಸ್ಪೇಸ್ ಷಟಲ್ ಕಟ್ಟುವಾಗ, ಇಳಿದ ನೌಕೆಯನ್ನು ಎರಡೇ ವಾರಗಳಲ್ಲಿ ಮತ್ತೆ ಸಿದ್ಧಪಡಿಸಬಹುದು ಎಂಬ ಲೆಕ್ಕವಿತ್ತು. 1981ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಮೊದಲ ಬಾರಿ ಹಾರಿತು. 2011ರ ಜುಲೈವರೆಗೆ ಐದು ನೌಕೆಗಳಿಂದ ಒಟ್ಟು 135 ಯಾನಗಳಾದವು. ಅಷ್ಟರಲ್ಲಿ ಒಂದು ಉಡಾವಣೆಯಿಂದ ಅದೇ ನೌಕೆಯ ಮುಂದಿನ ಉಡಾವಣೆಗೆ ಹಿಡಿದ ಅತಿ ಕಡಿಮೆ ಕಾಲ 54 ದಿನ, 1985ರಲ್ಲಿ ಅಟ್ಲಾಂಟಿಸ್‌ನದು. 1986ರಲ್ಲಿ ಚಾಲೆಂಜರ್ ನೌಕೆ ಆಕಾಶದಲ್ಲೇ ಛಿದ್ರವಾದ ದುರಂತದ ಬಳಿಕ 88 ದಿನಕ್ಕಿಂತ ಬೇಗ ಯಾವ ನೌಕೆಯೂ ಹೊರಡಲಿಲ್ಲ. ಎರಡು ವಾರದ ಲೆಕ್ಕ ಹಾಕಿದವರು ಬಿಚ್ಚಿ ನೋಡುವ ಕೆಲಸವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ ಎನ್ನುವುದು ನನ್ನ ಅನುಮಾನ.

ಮೈಮೇಲಿನ ಹೆಂಚುಗಳನ್ನೇ ನೋಡು. ಒಂದು ನೌಕೆಗೆ ಸುಮಾರು 24,000. ಸಿಲಿಕಾ ಎಳೆಗಳಿಂದ ಮಾಡಿದವು, ಗಾತ್ರದಲ್ಲಿ ಬಹುಪಾಲು ಬರೀ ಗಾಳಿ. ವಾತಾವರಣಕ್ಕೆ ಮರಳುವಾಗ ಹೊರಮೈ 1,260 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೂ ಒಳಗಿನ ಅಲ್ಯೂಮಿನಿಯಂ 175ರ ಆಚೆ ಹೋಗದಂತೆ ಅವು ತಡೆಯಬೇಕು. ಲೋಹ ಹಿಗ್ಗಿ ಕುಗ್ಗಿದಾಗ ಬಿರುಸಾದ ಹೆಂಚು ಒಡೆಯಬಾರದಲ್ಲ, ಅದಕ್ಕೆ ನಡುವೆ ಒತ್ತುಬಟ್ಟೆಯ (ಫೆಲ್ಟ್) ಮೆತ್ತೆ ಕೊಟ್ಟು ಸಿಲಿಕೋನ್ ಅಂಟಿನಿಂದ ಕೂರಿಸುತ್ತಿದ್ದರು. ಒಂದರ ಆಕಾರ ಇನ್ನೊಂದಕ್ಕಿಲ್ಲದ ಕಾರಣ ಪ್ರತಿಯೊಂದಕ್ಕೂ ಅದರದೇ ಸಂಖ್ಯೆ. ಮಳೆ ನೀರು ಹೀರಿದರೆ ಭಾರವಾಗುತ್ತವೆ ಎಂದು ಪ್ರತಿ ಯಾನದ ನಂತರ ಹೆಂಚು ಹೆಂಚಿಗೂ ಸೂಜಿ ಚುಚ್ಚಿ ನೀರುನಿರೋಧಕ ರಾಸಾಯನಿಕ ತುಂಬುತ್ತಿದ್ದರು. ಆ ಸೂಜಿ ಹಿಡಿದವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

1988ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಸ್ ಇಳಿದಾಗ 700ಕ್ಕೂ ಹೆಚ್ಚು ಹೆಂಚುಗಳಿಗೆ ಪೆಟ್ಟಾಗಿತ್ತು. ಒಂದಂತೂ ಕಿತ್ತೇ ಹೋಗಿತ್ತು. ಆ ಜಾಗದಲ್ಲಿ ಆಂಟೆನಾಕ್ಕಾಗಿ ದಪ್ಪ ಲೋಹದ ಫಲಕ ಇದ್ದುದರಿಂದ ಐವರು ಬದುಕಿ ಬಂದರು. ಅದನ್ನು ಅದೃಷ್ಟ ಎನ್ನದೆ ಬೇರೇನೆನ್ನಲಿ?

ಆದರೆ ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಚಾಲೆಂಜರ್ ಬಗ್ಗೆ. ಷಟಲ್‌ನ ಎರಡು ಪಕ್ಕದ ಘನ ಇಂಧನದ ಬೂಸ್ಟರ್‌ಗಳು ಎರಡು ನಿಮಿಷ ಉರಿದು, ಕಳಚಿಕೊಂಡು, ಪ್ಯಾರಾಚೂಟ್ ಕಟ್ಟಿಕೊಂಡು ಅಟ್ಲಾಂಟಿಕ್‌ಗೆ ಬೀಳುತ್ತಿದ್ದವು. ಹಡಗುಗಳು ಹೋಗಿ ಎಳೆದು ತರುತ್ತಿದ್ದವು. ತುಂಡುಗಳನ್ನು ಜೋಡಿಸಿ ಮಾಡಿದ ಕೊಳವೆಗಳವು. ಸಂದಿನಿಂದ ಬಿಸಿ ಅನಿಲ ನುಗ್ಗದಂತೆ ಒಂದೊಂದು ಸಂದಿಗೂ ಎರಡೆರಡು ರಬ್ಬರ್ ಓ-ರಿಂಗ್. 1985ರ ಜನವರಿಯಲ್ಲಿ ಹಾರಿ ಬಂದ ಬೂಸ್ಟರನ್ನು ಬಿಚ್ಚಿದಾಗ ಎರಡು ಉಂಗುರಗಳ ನಡುವಿನ ಗ್ರೀಸ್ ಕಪ್ಪಾಗಿತ್ತು. ಅನಿಲ ಮೊದಲ ಉಂಗುರವನ್ನು ದಾಟಿ ಬಂದಿದೆ ಎಂದರ್ಥ. ಆ ಉಡಾವಣೆಯ ಹಿಂದಿನ ರಾತ್ರಿಗಳಲ್ಲಿ ವಿಪರೀತ ಚಳಿಯಿತ್ತು. ಚಳಿಗೆ ರಬ್ಬರ್ ಸೆಟೆಯುತ್ತದೆ, ಒತ್ತಡ ಬಿದ್ದಾಗ ಬೇಗ ಹಿಗ್ಗಿ ಸಂದು ತುಂಬುವುದಿಲ್ಲ. ನಮ್ಮ ದೋಣಿಗಳ ಗೇರ್‌ಬಾಕ್ಸ್ ಸೀಲ್ ಕೂಡ ಇದನ್ನೇ ಮಾಡುತ್ತದೆ: ಮುರಿಯುವ ಬಹಳ ಮೊದಲೇ ಸಣ್ಣ ಕರಿ ಗೆರೆಯೊಂದನ್ನು ಬಿಟ್ಟು ಹೇಳುತ್ತದೆ.

ಅಂದರೆ ಆ ಬೂಸ್ಟರ್ ಮರಳಿ ಬಂದದ್ದರಿಂದಲೇ ಗುಟ್ಟು ಹೊರಬಿದ್ದಿತ್ತು. ಒಮ್ಮೆ ಹಾರಿಸಿ ಎಸೆಯುವ ರಾಕೆಟ್ಟಾಗಿದ್ದರೆ ಆ ಮಸಿ ಕಡಲ ತಳ ಸೇರುತ್ತಿತ್ತು. ಅದನ್ನು ನೋಡಿದ, ಬೂಸ್ಟರ್ ತಯಾರಿಸುವ ಕಂಪನಿಯ ಎಂಜಿನಿಯರ್ ರೋಜರ್ ಬೋಯ್ಜಲಿ, ಇದು ಜನರ ಪ್ರಾಣಕ್ಕೇ ಎರವಾಗಬಹುದು ಎಂದು 1985ರ ಜುಲೈನಲ್ಲಿ ತನ್ನ ಮೇಲಧಿಕಾರಿಗೆ ಲಿಖಿತವಾಗಿ ಎಚ್ಚರಿಸಿದ. 1986ರ ಜನವರಿ 27ರ ರಾತ್ರಿ, ಇಂಥ ಚಳಿಯಲ್ಲಿ ಹಾರಿಸಬೇಡಿ ಎಂದು ಅವನೂ ಜೊತೆಗಾರರೂ ವಾದಿಸಿದರು. ಕಂಪನಿಯ ವ್ಯವಸ್ಥಾಪಕರು ಹಾರಿಸಬಹುದು ಎಂದು ಸಹಿ ಹಾಕಿದರು. ಮರುದಿನ ಉಡಾವಣೆಯಾದ 73 ಸೆಕೆಂಡುಗಳಿಗೆ ಚಾಲೆಂಜರ್ ಛಿದ್ರವಾಯಿತು. ಏಳು ಜನ.

2003ರಲ್ಲಿ ಕೊಲಂಬಿಯಾ, ನಮ್ಮ ಕಲ್ಪನಾ ಚಾವ್ಲಾ ಇದ್ದ ನೌಕೆ. ಮೇಲೇರುವಾಗ ಹೊರ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಯ ಅಂಚಿಗೆ ಬಡಿದದ್ದು ಚಿತ್ರದಲ್ಲಿ ಕಂಡಿತ್ತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರ್‌ಗಳು ಕೇಳಿದರು, ತೆಗೆಸಲಿಲ್ಲ. ಇದರ ಬಗ್ಗೆ ಇನ್ನು ಬರೆಯಲು ನನ್ನ ಕೈ ಏಳುವುದಿಲ್ಲ, ನೀನೇ ಓದು.

ಹಾಗೆಂದು ಮುಟ್ಟಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡ. ಬಿಚ್ಚುವ ಕೈಯೇ ಕೆಡಿಸುವುದೂ ಉಂಟು. 1999ರ ಜುಲೈನಲ್ಲಿ ಕೊಲಂಬಿಯಾ ಹಾರಿತು. ದಳಪತಿ ಐಲೀನ್ ಕಾಲಿನ್ಸ್, ಷಟಲ್ ಯಾನವೊಂದರ ಮೊದಲ ಮಹಿಳಾ ಕಮಾಂಡರ್. ಮೇಲೆದ್ದ ಐದೇ ಸೆಕೆಂಡಿಗೆ ವಿದ್ಯುತ್ ಶಾರ್ಟ್ ಆಗಿ ಎರಡು ಎಂಜಿನ್‌ಗಳ ಒಂದೊಂದು ನಿಯಂತ್ರಕ ಸತ್ತಿತು, ಜೋಡಿ ನಿಯಂತ್ರಕಗಳು ಕೈಹಿಡಿದವು. ಸ್ಕ್ರೂ ತಲೆಯ ಒರಟು ಅಂಚಿಗೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಸವೆದಿತ್ತು. ಅದೇ ಯಾನದಲ್ಲಿ, ಎಂಜಿನ್ನಿನೊಳಗೆ ದುರಸ್ತಿಗಾಗಿಯೇ ಜಡಿದಿದ್ದ ಪುಟ್ಟ ಚಿನ್ನಲೇಪಿತ ಪಿನ್ನು ಕಳಚಿ, ಬಿಸಿ ಅನಿಲ ಹೊರಹೋಗುವ ಬಾಯಿಯ (ನಾಜಲ್) ಗೋಡೆಗೆ ಬಡಿದು ಹೈಡ್ರೋಜನ್ ಹರಿಯುವ ಮೂರು ಸಣ್ಣ ನಳಿಕೆಗಳನ್ನು ಸೀಳಿತು. ಎಲ್ಲರೂ ಕ್ಷೇಮವಾಗಿ ಇಳಿದರು. ಆಮೇಲೆ ಎಲ್ಲ ನೌಕೆಗಳನ್ನೂ ನಿಲ್ಲಿಸಿ ತಂತಿಗಳ ಪರೀಕ್ಷೆ ನಡೆಯಿತು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂದು ತಿಳಿಯುವುದೂ ವಿದ್ಯೆಯೇ. ಅದಕ್ಕೆ ಐಟಿಐಯೂ ಸಾಲದು, ನಿನ್ನ ಬಿ.ಇ.ಯೂ ಸಾಲದು.

ಈಗ ಜನರನ್ನು ಒಯ್ಯುವ, ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆ ಕಡಲಿಗೆ ಬೀಳುತ್ತದೆ. ಉಪ್ಪುನೀರು ಲೋಹಕ್ಕೆ ಏನು ಮಾಡುತ್ತದೆಂದು ಬೈತಖೋಲದಲ್ಲಿ ಬೆಳೆದ ನಿನಗೆ ನಾನು ಹೇಳಬೇಕೇ? ಆದರೂ 2020ರಲ್ಲಿ ಮೊದಲ ಬಾರಿ ಜನರನ್ನು ಒಯ್ದ 'ಎಂಡೆವರ್' ಎಂಬ ಕೋಶ 2025ರ ಆಗಸ್ಟ್‌ನಲ್ಲಿ ಆರನೆಯ ಸಲ ಹೊರಟಿತು. ನಮ್ಮ ಶುಭಾಂಶು ಶುಕ್ಲಾ ಹೋದ ಡ್ರ್ಯಾಗನ್ ಹೊಸದು, ಕೆಳಗಿನ ರಾಕೆಟ್ ಮಾತ್ರ ಒಮ್ಮೆ ಹಾರಿ ಬಂದದ್ದು. ಉಡಾವಣೆಗೆ ಮುಂಚಿನ ಪರೀಕ್ಷೆಯಲ್ಲಿ ಅದರ ದ್ರವ ಆಮ್ಲಜನಕ ಸೋರುತ್ತಿದ್ದುದು ಕಂಡು ಯಾನವನ್ನು ಮುಂದೂಡಿದರು. ಟಿವಿಯವರು ಅದನ್ನು ವಿಘ್ನವೆಂದು ಕರೆದಾಗ ನನಗೆ ರೇಗಿತು. ಸೋರಿಕೆ ನೆಲದ ಮೇಲೆ ಸಿಕ್ಕಿದ್ದು ವಿಘ್ನ ಹೇಗಾದೀತು?

ಮತ್ತೆ ಮತ್ತೆ ಹಾರಿಸಲೆಂದು ನಮ್ಮ ಇಸ್ರೋ ಕಟ್ಟುತ್ತಿರುವ ರೆಕ್ಕೆಯ ನೌಕೆ ಪುಷ್ಪಕ್ ಇನ್ನೂ ಜನರಿಲ್ಲದ ಪ್ರಯೋಗ. ಚಳ್ಳಕೆರೆ ಬಳಿ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲೊಯ್ದು ಬಿಟ್ಟಿತು, ಅದು ತಾನೇ ಓಡುದಾರಿ ಹುಡುಕಿಕೊಂಡು ಇಳಿಯಿತು. 2024ರ ಮಾರ್ಚ್‌ನಲ್ಲಿ ಇಳಿದ ಅದೇ ರೆಕ್ಕೆಯ ಒಡಲನ್ನು, ಅದೇ ಉಪಕರಣಗಳನ್ನು ಜೂನ್‌ನಲ್ಲಿ ಮತ್ತೆ ಇಳಿಸಿದರು. ಆ ನಡುವಿನ ಮೂರು ತಿಂಗಳು ಅದರ ಮೈಯನ್ನು ತಡವಿದವರು ಯಾರೋ, ಅವರಲ್ಲಿ ಒಬ್ಬರಿಗಾದರೂ ಮುಂದೊಮ್ಮೆ ನೀನು ಸಹೋದ್ಯೋಗಿಯಾದರೆ ನಾನು ಬಂದರಿಗೆಲ್ಲ ಪೇಡೆ ಹಂಚುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ನನಗೆ ಎರಡು ವಿಷಯ ಬರೆ. ಪಾಳಿ ಮುಗಿದಾಗ ಉಪಕರಣಗಳನ್ನು ಎಣಿಸಿ ಇಡುತ್ತಾರೋ, ಒಂದು ಕಡಿಮೆ ಬಿದ್ದರೆ ಕೆಲಸ ನಿಲ್ಲಿಸುತ್ತಾರೋ? ಕಂಡ ದೋಷವನ್ನು ಬರೆದುಕೊಟ್ಟರೆ ಅದು ಯಾರ ಮೇಜಿಗೆ ಹೋಗುತ್ತದೆ, ಉತ್ತರ ಬರುತ್ತದೋ ಇಲ್ಲವೋ?

ಆಯಿ ಒಣ ಸಿಗಡಿಯನ್ನೂ ಮುರುಗಲು ಸಿಪ್ಪೆಯನ್ನೂ ಕಟ್ಟಿಟ್ಟಿದ್ದಾಳೆ. ಶನಿವಾರ ರಾತ್ರಿಯ ಬಸ್ಸಿನಲ್ಲಿ ಕಳಿಸುತ್ತೇನೆ, ಬೆಳಿಗ್ಗೆ ಹೋಗಿ ತೆಗೆದುಕೋ.

ನಿನ್ನ ಅಪ್ಪ