ಕೈಗುಣವಲ್ಲ ಮಗೂ, ಮಣ್ಣಿನ ತಂಪು

ಪ್ರೀತಿಯ ಮಗುವಿಗೆ ಆಶೀರ್ವಾದಗಳು.

ಮನೆಯ ಸಮಾಚಾರ ನಿನಗೆ ಗೊತ್ತಿರುವುದೇ, ಅದನ್ನು ಬರೆಯುತ್ತಾ ಕೂರುವುದಿಲ್ಲ. ನಿನ್ನ ಪತ್ರದ ಮೊದಲ ಎರಡು ಪುಟ ಓದಿ ಮನಸ್ಸು ಅರಳಿತು. ಚಳಿ ಹಿಂದೆ ಸರಿದು ಬಿಸಿಲು ಬಂದ ಮೊದಲ ದಿನವೇ ಪಾತಿ ಅಗೆದದ್ದು, ಒಂದೇ ಮಧ್ಯಾಹ್ನದಲ್ಲಿ ಏಳು ಬಗೆಯ ಬೀಜ ಬಿತ್ತಿದ್ದು, ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಪಾತಿಯ ಹತ್ತಿರ ಓಡುವುದು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದೆಯಲ್ಲ: 'ಹನ್ನೆರಡು ದಿನವಾಯಿತು, ಮೂಲಂಗಿ ಬಿಟ್ಟರೆ ಏನೂ ಮೇಲೆ ಬಂದಿಲ್ಲ, ನನ್ನ ಕೈಗುಣವೇ ಸರಿಯಿಲ್ಲವೇನೋ.' ಆ ಸಾಲು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ.

ಆ ಮಾತು ನಿನ್ನ ಕಿವಿಗೆ ಬಿದ್ದದ್ದು ನಮ್ಮಂಥ ಹಿರಿಯರ ಬಾಯಿಂದಲೇ. ಸಸಿ ಸತ್ತರೆ ಕಾರಣ ಹುಡುಕದೆ ಕೈಯನ್ನು ದೂರುವ ಅಭ್ಯಾಸ ನನಗೂ ಬಹಳ ವರ್ಷ ಇತ್ತು. ಅದರಿಂದ ಕಳೆದುಕೊಂಡ ವಸಂತಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೇಸರಿಸಬೇಡ.

ಮೂಲಂಗಿ ಯಾವಾಗ ಬಂತೆಂದು ನೀನೇ ಬರೆದಿದ್ದೀಯ, ಹನ್ನೊಂದನೆಯ ದಿನ. ಉತ್ತರ ಅದರಲ್ಲೇ ಇದೆ. ಮಣ್ಣು 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೂಲಂಗಿ ನಾಲ್ಕೇ ದಿನದಲ್ಲಿ ತಲೆ ಎತ್ತುತ್ತದೆ. 10 ಡಿಗ್ರಿ ಇದ್ದರೆ ಹನ್ನೊಂದು ದಿನ ಹಿಡಿಯುತ್ತದೆ. ಅಂದರೆ ನಿನ್ನ ಪಾತಿ ಸುಮಾರು 10 ಡಿಗ್ರಿಯಲ್ಲಿದೆ. ಆ ತಂಪಿನಲ್ಲಿ ಪಾಲಕ್‌ಗೆ ಸುಮಾರು 12 ದಿನ ಬೇಕು, ಬಟಾಣಿಗೆ 14, ಕ್ಯಾರೆಟ್‌ಗೆ 17. ನೀನು ಪತ್ರ ಬರೆದ ದಿನ ಪಾಲಕ್‌ನ ಸರದಿ ಆಗಷ್ಟೇ ಬಂದಿತ್ತು, ಉಳಿದವುಗಳ ಸರದಿ ಬಂದೇ ಇರಲಿಲ್ಲ. ಬಿಸಿಲು ಬೆನ್ನಿಗೆ ಬೆಚ್ಚಗೆ ತಾಗಿದ ಮಾತ್ರಕ್ಕೆ ಮಣ್ಣೂ ಬೆಚ್ಚಗಾಗಿದೆ ಎಂದು ನಮಗೆ ಅನ್ನಿಸುತ್ತದೆ. ಗಾಳಿ ಒಂದು ಮಧ್ಯಾಹ್ನದಲ್ಲಿ ಕಾಯುತ್ತದೆ, ನೀರು ತುಂಬಿದ ಮಣ್ಣಿಗೆ ವಾರಗಳೇ ಬೇಕು.

ಒಂದು ಉಷ್ಣಮಾಪಕ ಇಟ್ಟುಕೋ. ಅಡುಗೆಮನೆಯದಾದರೂ ಸಾಕು. ಬೆಳಿಗ್ಗೆ ಎಂಟರ ಸುಮಾರಿಗೆ 5 ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಎರಡು ನಿಮಿಷ ಬಿಟ್ಟು ನೋಡು. ಮೂರು ದಿನ ನೋಡಿ ಸರಾಸರಿ ಹಿಡಿ, ಒಂದು ದಿನದ ಲೆಕ್ಕ ನಂಬಬೇಡ. ಮಧ್ಯಾಹ್ನದ ಅಂಕಿ ನೋಡಿ ಹಿಗ್ಗಲೂ ಬೇಡ, ಬೀಜ ರಾತ್ರಿಯ ತಂಪನ್ನೂ ಉಣ್ಣುತ್ತದೆ.

ಬೀನ್ಸ್ ಮತ್ತು ಬೆಂಡೆಯ ಮಾತು ಬೇರೆ, ಅದನ್ನು ಮುಚ್ಚಿಡುವುದಿಲ್ಲ. ಅವು ಬಹುಶಃ ಹೋಗಿವೆ. ಒಣಬೀಜ ಮೊದಲ ಸಲ ನೀರು ಹೀರುವ ಗಳಿಗೆ ಬಲು ನಾಜೂಕು. ಆ ನೀರು ತಣ್ಣಗಿದ್ದರೆ ಬೀನ್ಸ್‌ನ ಜೀವಕೋಶದ ಪೊರೆ ಸರಿಯಾಗಿ ಕೂಡಿಕೊಳ್ಳದೆ ಒಳಗಿನ ಸಕ್ಕರೆ ಹೊರಗೆ ಸೋರುತ್ತದೆ, ಆ ಸಕ್ಕರೆಗೆ ಮಣ್ಣಿನ ಶಿಲೀಂಧ್ರ ಮುತ್ತುತ್ತದೆ. ಎರಡು ಬೀಜ ಕೆದಕಿ ನೋಡು. ಉಬ್ಬಿ ಗಟ್ಟಿಯಾಗಿದ್ದರೆ ಜೀವ ಇದೆ, ಹಾಗೇ ಮುಚ್ಚಿಬಿಡು. ಒತ್ತಿದರೆ ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆ. ಬೀನ್ಸ್ ಮತ್ತೆ ಹಾಕುವುದಾದರೆ ಬೆಳಗಿನ ಮಣ್ಣು 16 ಡಿಗ್ರಿ ದಾಟಲಿ. ಬೆಂಡೆಗೆ 20 ಆಗುವವರೆಗೆ ಕಾಯಬೇಕು, ಅದರ ಸಿಪ್ಪೆ ಗಟ್ಟಿ, ಆದ್ದರಿಂದ ಹಿಂದಿನ ರಾತ್ರಿ ನೀರಲ್ಲಿ ನೆನೆಸು. ಬೀನ್ಸ್ ಮಾತ್ರ ನೆನೆಸಬೇಡ, ಬೇಗ ನೀರು ಕುಡಿದು ಬಿರಿಯುತ್ತದೆ.

ಹೀಗೆ ಹೋದ ಬೀಜಕ್ಕೂ ನಿನ್ನ ಕೈಗೂ ಏನು ಸಂಬಂಧ ಹೇಳು. ತೋಟ ಮಾಡಿ ತಲೆ ನರೆತವರು ಅದೇ ದಿನ ಅದೇ ಬೀಜ ಹಾಕಿದ್ದರೂ ಕೊಳೆಯುತ್ತಿತ್ತು.

ಈರುಳ್ಳಿಯ ಪೊಟ್ಟಣ ಮೂರು ವರ್ಷದ ಹಿಂದಿನದು ಎಂದು ನಡುವೆ ಎಲ್ಲೋ ಬರೆದಿದ್ದೀಯ. ಈರುಳ್ಳಿ ಬೀಜಕ್ಕೆ ಒಂದೆರಡು ವರ್ಷವಷ್ಟೇ ಆಯಸ್ಸು. ಬಟಾಣಿ, ಕ್ಯಾರೆಟ್ ಸುಮಾರು ಮೂರು ವರ್ಷ ತಾಳುತ್ತವೆ, ಟೊಮೆಟೊ ನಾಲ್ಕು, ಸೌತೆ ಐದು. ತೇವ, ಸೆಕೆ ತಾಗಿದರೆ ಅಷ್ಟೂ ಇಲ್ಲ. ಉಳಿದ ಬೀಜದಿಂದ ಹತ್ತನ್ನು ಎಣಿಸಿ ಒದ್ದೆ ಕಾಗದದ ಮಡಿಕೆಯಲ್ಲಿಟ್ಟು, ಡಬ್ಬಿಯಲ್ಲಿ ಮುಚ್ಚಿ, ಮನೆಯ ಬೆಚ್ಚಗಿನ ಜಾಗದಲ್ಲಿಡು. ಹತ್ತು ದಿನದಲ್ಲಿ ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತು. ಐದಾದರೆ ಎರಡರಷ್ಟು ಒತ್ತಾಗಿ ಬಿತ್ತು. ಎರಡೋ ಮೂರೋ ಆದರೆ ಆ ಪೊಟ್ಟಣದ ಆಸೆ ಬಿಡು.

ಪಾತಿಯ ಮೇಲೆ ಹುಲ್ಲು ಹೊದಿಸಿ ದಿನಕ್ಕೆರಡು ಸಲ ನೀರು ಹಾಕುತ್ತಿದ್ದೀಯಂತೆ. ಅಕ್ಕರೆಯಿಂದ ಮಾಡಿದ್ದನ್ನು ಬೇಡವೆನ್ನಲು ನನಗೆ ಮನಸ್ಸಿಲ್ಲ, ಆದರೂ ಹೇಳಲೇಬೇಕು. ಹುಲ್ಲಿನ ಹೊದಿಕೆ ಬೇಸಿಗೆಯದು. ವಸಂತದ ಮೊದಲ ದಿನಗಳಲ್ಲಿ ಅದು ಬಿಸಿಲನ್ನು ತಡೆದು ಮಣ್ಣನ್ನು ತಣ್ಣಗೇ ಇಡುತ್ತದೆ, ಬಸವನಹುಳುಗಳಿಗೆ ಮನೆಯೂ ಆಗುತ್ತದೆ. ತೆಗೆದು ಪಕ್ಕಕ್ಕಿಡು, ಸಸಿ ಒಂದು ಗೇಣು ಬೆಳೆದು ಮಣ್ಣು ಕಾದ ಮೇಲೆ ಮತ್ತೆ ಹಾಸು. ನೀರೂ ಅಷ್ಟೇ. ಒದ್ದೆ ಮಣ್ಣು ಆರುವಾಗ ತನ್ನ ಬಿಸಿಯನ್ನೇ ಕಳೆದುಕೊಳ್ಳುತ್ತದೆ. ಬೆರಳಿನ ಮೊದಲ ಗಿಣ್ಣಿನವರೆಗೆ ಚುಚ್ಚಿ ನೋಡಿ ಒಣಗಿದ್ದರೆ ಮಾತ್ರ ಹಾಕು, ಅದೂ ಹೊತ್ತೇರಿದ ಮೇಲೆ. ಕ್ಯಾರೆಟ್ ಸಾಲೊಂದೇ ಇದಕ್ಕೆ ಹೊರತು. ಅದನ್ನು ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಆಳಕ್ಕಷ್ಟೇ ಹಾಕಿರುತ್ತೀಯ, ಮೇಲ್ಮಣ್ಣು ಒಣಗಿದರೆ ಮೊಳಕೆ ಅಲ್ಲೇ ಮುರುಟಿಹೋಗುತ್ತದೆ. ಆ ಸಾಲಿಗೆ ಸಣ್ಣ ತೂತಿನ ಝಾರಿಯಲ್ಲಿ ಹನಿಸು. ಮಣ್ಣು ಜೇಡಿಯಾಗಿ ಮೇಲೆ ಹಪ್ಪಳ ಕಟ್ಟಿದ್ದರೆ ಬೆರಳ ತುದಿಯಿಂದ ಮೆಲ್ಲಗೆ ಬಿರುಕು ಮಾಡು. ದಾರದಂಥ ಮೊಳಕೆಗೆ ಆ ಹಪ್ಪಳ ಒಡೆಯುವ ಬಲ ಇರುವುದಿಲ್ಲ. ಮುಂದಿನ ಸಲ ಕ್ಯಾರೆಟ್ ಬೀಜದ ಮೇಲೆ ಮಣ್ಣಿನ ಬದಲು ಜರಡಿ ಹಿಡಿದ ಕಾಂಪೋಸ್ಟ್ ಉದುರಿಸಿದರೆ ಈ ತೊಂದರೆ ಇಲ್ಲ.

ಇನ್ನೊಂದು ಪಾತಿ ಅಗೆಯುವ ಉತ್ಸಾಹ ನಿನ್ನ ಅಕ್ಷರದಲ್ಲೇ ಕಾಣುತ್ತದೆ. ಅಗೆ, ಆದರೆ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ಉಂಡೆ ಮಾಡು. ಹೆಬ್ಬೆರಳಲ್ಲಿ ಒತ್ತಿದಾಗ ಪುಡಿಯಾದರೆ ಹದ ಬಂದಿದೆ. ಅಂಟಿಕೊಂಡು ಚಪ್ಪಟೆಯಾದರೆ ಗುದ್ದಲಿ ಎತ್ತಬೇಡ. ಒದ್ದೆಯಲ್ಲಿ ಅಗೆದ ಜೇಡಿಮಣ್ಣು ಒಣಗಿದ ಮೇಲೆ ಇಟ್ಟಿಗೆಯಂತಾಗಿ ಇಡೀ ವರ್ಷ ಕಾಡುತ್ತದೆ. ಪಾತಿಯ ಅಗಲ 1.2 ಮೀಟರ್ ಮೀರದಿರಲಿ, ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟುಕಬೇಕು, ಒಳಗೆ ಕಾಲಿಡುವಂತಿರಬಾರದು. ಕಳಿತ ಕಾಂಪೋಸ್ಟ್ 3ರಿಂದ 5 ಸೆಂಟಿಮೀಟರ್ ದಪ್ಪ ಹರಡಿದರೆ ಸಾಕು. ಹಸಿ ಗೊಬ್ಬರ ಬೇಡ, ಕ್ಯಾರೆಟ್ ಕವಲೊಡೆಯುತ್ತದೆ, ಎಳೆ ಬೇರು ಸುಡುತ್ತದೆ, ಬೀಜ ಕೊರೆಯುವ ಹುಳವೂ ಬರುತ್ತದೆ.

ಕಿಟಕಿಯ ಬಳಿ ತಟ್ಟೆಯಲ್ಲಿಟ್ಟ ಟೊಮೆಟೊ ಸಸಿಗಳ ಬಗ್ಗೆ ನೀನು ಭಯ ತೋರಿಸಿಲ್ಲ, ಆದರೆ ನನಗೆ ಅಳುಕಿದೆ. ಒಂದು ದಿನ ಬೆಳಿಗ್ಗೆ ನಾಲ್ಕು ಸಸಿ ಬುಡದಲ್ಲಿ ದಾರದಂತೆ ಸೊರಗಿ ಮಲಗಿದ್ದರೆ ಮತ್ತೆ ಕೈಗುಣದ ಮಾತು ಬರುತ್ತದೆಯಲ್ಲ, ಅದಕ್ಕೆ ಮೊದಲೇ ಹೇಳುತ್ತೇನೆ. ಅದು ಬುಡಕೊಳೆ. ಸದಾ ಒದ್ದೆಯಾದ ಮಣ್ಣು, ಆಡದ ಗಾಳಿ, ಒತ್ತಾಗಿ ನಿಂತ ಸಸಿ, ಈ ಮೂರೂ ಸೇರಿದಾಗ ಶಿಲೀಂಧ್ರ ಬುಡಕ್ಕೆ ಬೀಳುತ್ತದೆ. ಬಿದ್ದ ಸಸಿ ಏಳುವುದಿಲ್ಲ, ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡು. ಉಳಿದವಕ್ಕೆ ತಟ್ಟೆಯ ಕೆಳಗಿನಿಂದ ನೀರುಣಿಸು, ಅರ್ಧ ಗಂಟೆಯ ಮೇಲೆ ಮಿಕ್ಕ ನೀರು ಚೆಲ್ಲು, ಮುಚ್ಚಳ ತೆಗೆದಿಡು. ಸಸಿ ಬೆಳಕಿನ ಕಡೆ ಬಾಗಿ ಉದ್ದವಾಗಿ ಬಿಳಿಚಿದ್ದರೆ ಕಿಟಕಿಯ ಬೆಳಕು ಸಾಲುತ್ತಿಲ್ಲ. ಸಾಧ್ಯವಾದರೆ 5ರಿಂದ 10 ಸೆಂಟಿಮೀಟರ್ ಮೇಲೆ ಎಲ್‌ಇಡಿ ದೀಪ ಕಟ್ಟಿ ದಿನಕ್ಕೆ 14ರಿಂದ 16 ಗಂಟೆ ಉರಿಸು. ಉದ್ದವಾದ ಟೊಮೆಟೊ ಸಸಿ ಹಾಳಾಯಿತೆಂದು ತಿಳಿಯಬೇಡ. ನೆಡುವಾಗ ಮೇಲಿನ ಎಲೆಗಳಷ್ಟೇ ಕಾಣುವಂತೆ ಆಳಕ್ಕೆ ಹೂಳಿದರೆ ಕಾಂಡದಿಂದಲೂ ಬೇರು ಬಿಡುತ್ತದೆ.

ಹೊರಗೆ ನೆಡುವ ಮೊದಲು ಸಸಿಗೆ ಹೊರಗಾಳಿ ಅಭ್ಯಾಸವಾಗಬೇಕು. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ದಿನದಿನಕ್ಕೆ ಹೆಚ್ಚಿಸಿ, ಎಂಟು ಹತ್ತು ದಿನದ ಹೊತ್ತಿಗೆ ಪೂರ್ತಿ ಬಿಸಿಲು. ಅವಸರ ಮಾಡಿದರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ. ಕೊನೆಯ ಹಿಮದ ಕಾಲ ಕಳೆಯುವವರೆಗೆ ನೆಡಬೇಡ. ಮೋಡವಿಲ್ಲದೆ, ಗಾಳಿಯಿಲ್ಲದೆ, ಆಕಾಶ ತಿಳಿಯಾಗಿರುವ ರಾತ್ರಿಗಳೇ ಅಪಾಯದವು. ಅಂಥ ದಿನ ಹೊತ್ತು ಮುಳುಗುವ ಮೊದಲೇ, ಮಣ್ಣಲ್ಲಿ ಇನ್ನೂ ಬಿಸಿ ಇರುವಾಗ, ಹಳೆಯ ಬಟ್ಟೆಯನ್ನು ನೆಲ ಮುಟ್ಟುವಂತೆ ಹೊದಿಸಿ ಬೆಳಿಗ್ಗೆ ತೆಗೆ. ಪ್ಲಾಸ್ಟಿಕ್ ಹೊದಿಸುವುದಾದರೆ ಎಲೆಗೆ ತಾಗದಂತೆ ಕಡ್ಡಿ ನೆಡು, ತಾಗಿದ ಎಲೆಯನ್ನು ಹಿಮ ಸುಡುತ್ತದೆ.

ತುಂಬಾ ಹೇಳಿಬಿಟ್ಟೆನೇನೋ. ಇಷ್ಟನ್ನೂ ಒಂದೇ ವಾರದಲ್ಲಿ ಮಾಡಬೇಕಿಲ್ಲ. ಈ ವಾರ ಹುಲ್ಲು ತೆಗೆ, ಮಣ್ಣಿನ ಬಿಸಿ ಅಳೆ, ಬೀನ್ಸ್ ಕೆದಕಿ ನೋಡು. ಒಂದು ಚಿಕ್ಕ ಪುಸ್ತಕದಲ್ಲಿ ಬಿತ್ತಿದ ದಿನ, ಮಣ್ಣಿನ ಡಿಗ್ರಿ, ಮೊಳೆತ ದಿನ ಬರೆದಿಡು. ನಾನು ಬರೆದಿಡಲಿಲ್ಲ, ಅದೊಂದು ಕೊರಗು ಉಳಿದಿದೆ. ಆ ಪುಸ್ತಕದಲ್ಲಿ ಕೈಗುಣ ಎನ್ನುವ ಪದಕ್ಕೆ ಮಾತ್ರ ಜಾಗ ಕೊಡಬೇಡ.

ಈ ಪತ್ರ ನಿನ್ನನ್ನು ಮುಟ್ಟುವಾಗ ಹದಿನೇಳನೆಯ ದಿನ ಆಗಿರುತ್ತದೆ. ಕ್ಯಾರೆಟ್ ಸಾಲಿನ ಹತ್ತಿರ ಮಂಡಿಯೂರಿ ಓರೆ ಬೆಳಕಿನಲ್ಲಿ ನೋಡು. ಮೊದಲು ಬರುವುದು ಎರಡು ಸಪೂರ ಎಲೆ, ಎಳೆ ಹುಲ್ಲಿನ ಹಾಗೇ ಇರುತ್ತದೆ. ಕಳೆಯೆಂದು ಕಿತ್ತುಬಿಡಬೇಡ. ಬೀನ್ಸ್ ಗಟ್ಟಿ ಇತ್ತೋ ಮೆತ್ತಗಿತ್ತೋ, ಮೂರು ದಿನದ ಡಿಗ್ರಿ ಎಷ್ಟಿತ್ತೋ, ಬರೆದು ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ