ಕಳ್ಳಿ ತೋಟಕ್ಕೆ ಈ ವರ್ಷ ಸಸಿ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಸಾರ್ವಜನಿಕ ಉದ್ಯಾನದಲ್ಲಿರುವ ‘ಮರುಭೂಮಿ ತೋಟ’ಕ್ಕೆ ಮತ್ತೆ ಹೊಸ ಕಳ್ಳಿ ಸಸಿ ತರಿಸುತ್ತಾರೆಂಬ ಸುದ್ದಿ ಇದೆ. ಗದಗಿನಲ್ಲಿ ಸಣ್ಣದೊಂದು ನರ್ಸರಿ ಇಟ್ಟುಕೊಂಡವಳು ನಾನು. ಸಸಿ ಮಾರಿದರೇ ನನ್ನ ಮನೆ ನಡೆಯುವುದು. ಆದರೂ ಹೇಳುತ್ತೇನೆ: ಈ ಸಲ ಕೊಳ್ಳಬೇಡಿ. ನನ್ನಲ್ಲೂ ಬೇಡ, ಬೇರೆಯವರಲ್ಲೂ ಬೇಡ. ಅಲ್ಲಿನ ನೆಲ ಸರಿಯಾಗುವವರೆಗೆ ಏನು ಹಾಕಿದರೂ ದುಡ್ಡು ಮಣ್ಣುಪಾಲು.

‘ಏನ್ ಬಿಸಲ್ರೀ, ಕಳ್ಳೀನೂ ತಡಕೊಳ್ಳವಲ್ದು’ ಎಂದು ವಾಕಿಂಗ್‌ಗೆ ಬಂದವರು ಮಾತಾಡಿಕೊಳ್ಳುತ್ತಾರೆ. ಬಿಸಿಲಿಗೆ ಒಣಗಿ ಸತ್ತದ್ದು ಅಲ್ಲಿ ಕೆಲವೇ. ಹೋದ ಹಿಂಗಾರಿ ಮಳೆ ಮುಗಿದ ಮೇಲೆ, ಬಂಗಾರದ ಬಣ್ಣದ ಮುಳ್ಳಿರುವ ದುಂಡು ಕಳ್ಳಿಯೊಂದರ ಬುಡಕ್ಕೆ ಕಡ್ಡಿ ಒತ್ತಿ ನೋಡಿದೆ. ಮೇಲೆಲ್ಲ ಹಸಿರು, ಬುಡದಲ್ಲಿ ಕಡ್ಡಿ ಸೀದಾ ಒಳಗಿಳಿಯಿತು. ಹೊರಗೆ ಬಂದದ್ದು ಕಂದು ನೀರು, ಮೂಗು ಮುಚ್ಚಿಕೊಳ್ಳುವ ವಾಸನೆ. ಅಲಂಕಾರಕ್ಕೆ ಹಾಕಿದ ಬಿಳಿ ಹರಳು ಸರಿಸಿದರೆ ಕರಿ ಪ್ಲಾಸ್ಟಿಕ್ ಹಾಳೆ. ಅದರ ಕೆಳಗೆ ಅಪ್ಪಟ ಎರಿ ಮಣ್ಣು, ಇನ್ನೂ ಮುದ್ದೆ ಮುದ್ದೆ. ಕಸ ಬೆಳೆಯಬಾರದೆಂದು ಹಾಳೆ ಹಾಸಿದ್ದಾರೆ. ಕಸವೇನೋ ಬೆಳೆದಿಲ್ಲ, ಆದರೆ ನೀರೂ ಆರಿಲ್ಲ.

ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆಂದೇ ನಮ್ಮ ಕಡೆ ಹಿಂಗಾರಿ ಜೋಳ, ಕಡಲೆ ಬರೀ ತಂಪಿನ ಮೇಲೆ ಬೆಳೆಯುತ್ತವೆ. ಅದೇ ಗುಣ ಕಳ್ಳಿಗೆ ವಿಷ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಆಗುವುದಿಲ್ಲ. ಗದಗಿನಲ್ಲಿ ಸುಮಾರು 600 ಆಗುತ್ತದೆ. ಅದಾದರೂ ಹದವಾಗಿ ಬರುತ್ತದೆಯೇ? ಜೂನ್‌ನ ಮಿರಗದ ಮಳೆ ಕೈಕೊಡುತ್ತದೆ, ಆಮೇಲೆ ಯಾವುದೋ ಒಂದು ರಾತ್ರಿ ತಿಂಗಳ ಮಳೆ ಒಮ್ಮೆಲೇ ಸುರಿಯುತ್ತದೆ. ಹಾಗಾಗಿ ತಗ್ಗಿನಲ್ಲಿರುವ ಆ ಮಡಿಗಳನ್ನು ಕನಿಷ್ಠ ಎರಡು ಅಡಿ ದಿಬ್ಬ ಮಾಡಬೇಕು. ತಳಕ್ಕೆ ಖಡಿ, ಒಡೆದ ಹಂಚಿನ ಚೂರು, ಮೇಲೆ ಗರಸು ಮತ್ತು ದಪ್ಪ ಉಸುಕು. ತಿಪ್ಪೆಗೊಬ್ಬರ ಒಂದು ಬೊಗಸೆ ಸಾಕು. ಪ್ಲಾಸ್ಟಿಕ್ ಹಾಳೆ ಮೊದಲು ಹೊರಗೆ ಹೋಗಬೇಕು.

ಇನ್ನು ರಾತ್ರಿಯ ಸೆಕೆ. ಕಳ್ಳಿ ಹಗಲು ತನ್ನ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದಾಗ ತೆರೆದು ಗಾಳಿ ಎಳೆದುಕೊಳ್ಳುವ ಗಿಡ. ರಾತ್ರಿಯೂ ಕಾದಿದ್ದರೆ ಅದಕ್ಕೆ ಉಸಿರು ಕಟ್ಟುತ್ತದೆ. ಫೀನಿಕ್ಸ್‌ನಲ್ಲಿ 1939ರಿಂದ ಇರುವ ಹೆಸರಾಂತ ಮರುಭೂಮಿ ಸಸ್ಯೋದ್ಯಾನವೇ ಈ ಪೆಟ್ಟು ತಿಂದಿದೆ. 2023ರಲ್ಲಿ ಜೂನ್ 30ರಿಂದ ಸತತ 31 ದಿನ ಅಲ್ಲಿ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. 16 ರಾತ್ರಿ 32 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಆ ಮಣ್ಣಿನಲ್ಲೇ ಹುಟ್ಟಿದ ಸಾಗ್ವಾರೊ ಎಂಬ ಕಂಬದಂಥ ಕಳ್ಳಿಗಳ ಕೈಗಳು ಕಳಚಿ ಬಿದ್ದವು, ಕೆಲವು ಬುಡಸಮೇತ ಉರುಳಿದವು. ನಮ್ಮ ಉದ್ಯಾನದಲ್ಲಿ ಮಡಿಗಳ ಸುತ್ತ ಪೇವರ್ಸ್, ಹಿಂದೆ ಸಿಮೆಂಟಿನ ಗೋಡೆ. ಏಪ್ರಿಲ್‌ನಲ್ಲಿ ರಾತ್ರಿ ಊಟವಾದ ಮೇಲೆ ಹೋಗಿ ಆ ಗೋಡೆಗೆ ಅಂಗೈ ಇಟ್ಟು ನೋಡಿ, ಕಾದ ಹಂಚು. ಮಡಿಯ ಸುತ್ತಲಿನ ನಾಲ್ಕೈದು ಅಡಿ ಪೇವರ್ಸ್ ಕಿತ್ತು ಅಲ್ಲಿ ಮರ ಹಾಕಿದರೆ ಸಾಕಷ್ಟು ತಂಪಾಗುತ್ತದೆ. ಕಳ್ಳಿಗೆ ನೆರಳೇಕೆ ಎಂದು ನಗಬೇಡಿ. ಕಾಡಿನಲ್ಲಿ ಸಾಗ್ವಾರೊ ಸಸಿಯೂ ಬೇರೊಂದು ಮರದ ಆಸರೆಯಲ್ಲೇ ದೊಡ್ಡದಾಗುತ್ತದೆ.

ಯಾವ ಮರ? ಬನ್ನಿ. ದಸರೆಗೆ ನಾವು ಬಂಗಾರವೆಂದು ಹಂಚುವ ಬನ್ನಿಯನ್ನೇ ರಾಜಸ್ಥಾನದವರು ಖೇಜ್ರಿ ಎನ್ನುತ್ತಾರೆ, ಅದು ಅವರ ರಾಜ್ಯವೃಕ್ಷ. ಜೋಧಪುರದ ಮೆಹ್ರಾನ್‌ಗಢ ಕೋಟೆಯ ಮಗ್ಗುಲಲ್ಲಿ ಸುಮಾರು 70 ಹೆಕ್ಟೇರ್ ಬಂಡೆ ನೆಲದಲ್ಲಿ ರಾವ್ ಜೋಧಾ ಉದ್ಯಾನವಿದೆ. 2006ರಲ್ಲಿ ಕೆಲಸ ಶುರುವಾಗಿ 2011ರಲ್ಲಿ ಜನರಿಗೆ ತೆರೆಯಿತು. ಅಲ್ಲಿ ತುಂಬಿಕೊಂಡಿದ್ದದ್ದು ನಮ್ಮ ಬಳ್ಳಾರಿ ಜಾಲಿಯೇ. ಕಲ್ಲಿನ ಸಂದಿಯ ಬೇರು ಕೀಳಲು ಖಂಡ್ವಾಲಿಯಾ ಎಂಬ ಕಲ್ಲುಕುಟಿಗರನ್ನು ಕರೆಸಿದರು. ಅವರು ಉಳಿ, ಸುತ್ತಿಗೆಯಿಂದ ಬಂಡೆ ಕಡಿದು ಜಾಲಿ ತೆಗೆದರು. ಆ ಕುಳಿಗಳಲ್ಲಿ ಅಲ್ಲಿಯದೇ ಮರುಭೂಮಿ ಗಿಡ ನೆಟ್ಟರು. ಪರದೇಶದ ಕಳ್ಳಿಯ ಪ್ರದರ್ಶನ ಅಲ್ಲಿಲ್ಲ, ಆದರೂ ಜನ ಟಿಕೆಟ್ ತೆಗೆದು ನೋಡುತ್ತಾರೆ.

ನಮ್ಮಲ್ಲೂ ಗಿಡಕ್ಕೆ ಬರವಿಲ್ಲ. ಮಂಗರವಳ್ಳಿ, ಮಂಗನಕೋಡು, ಲೋಳೆಸರ, ತಂಗಡಿ, ಬಂದರಿಕೆ, ಕವಳಿ: ಇವು ನಮ್ಮ ಬಿಸಿಲನ್ನೂ ಕಂಡಿವೆ, ನಮ್ಮ ಮಳೆಯನ್ನೂ ಕಂಡಿವೆ. ಮಂಗನಕೋಡು ಹೂ ಬಿಟ್ಟಾಗ ನಿಂತು ನೋಡದೆ ಮುಂದೆ ಹೋದವರನ್ನು ನಾನಂತೂ ಕಂಡಿಲ್ಲ. ಆದರೆ ಇವನ್ನು ಕಪ್ಪತಗುಡ್ಡದಿಂದ ಕಿತ್ತು ತರುವ ಉತ್ಸಾಹ ಯಾರಿಗೂ ಬೇಡ, ಅದು 2019ರಿಂದ ವನ್ಯಜೀವಿಧಾಮ. ಹೊಲದ ಬದುವಿನಲ್ಲಿ ರೈತರನ್ನು ಕೇಳಿದರೆ ತುಂಡು ಕೊಡುತ್ತಾರೆ. ತಲೆಯ ಮೇಲೆ ಕೆಂಪು, ಹಳದಿ ಚೆಂಡು ಕಸಿ ಮಾಡಿದ ಕಳ್ಳಿಯನ್ನು ಮಾತ್ರ ದಯವಿಟ್ಟು ಬಯಲಿಗೆ ಹಾಕಬೇಡಿ. ಆ ಚೆಂಡಿನಲ್ಲಿ ಹಸಿರೇ ಇಲ್ಲ, ಕೆಳಗಿನ ಗಿಡದ ಅನ್ನ ತಿಂದು ಬದುಕುವಂಥದ್ದು. ಕಿಟಕಿಯ ಕುಂಡಕ್ಕೆ ಸರಿ, ಮೇ ತಿಂಗಳ ಬಿಸಿಲಿಗೆ ಸುಟ್ಟುಹೋಗುತ್ತದೆ.

ಕೊನೆಯದು, ಖರ್ಚೇ ಇಲ್ಲದ್ದು. ಹುಲ್ಲುಹಾಸಿನ ಸ್ಪ್ರಿಂಕ್ಲರ್ ನೀರು ದಿನಾ ಕಳ್ಳಿ ಮಡಿಗೂ ಬೀಳುತ್ತಿದೆ, ಮಳೆ ಬರುವಾಗಲೂ. ಮಾಲಿಯನ್ನು ಕೇಳಿದೆ. ‘ನೀರ ಬಿಡು ಅಂತ ಹೇಳ್ಯಾರ್ರೀ ಅಕ್ಕಾರ, ಬಂದ್ ಮಾಡು ಅಂತ ಯಾರೂ ಹೇಳಿಲ್ಲ’ ಎಂದ. ಗುತ್ತಿಗೆಯ ಮೇಲೆ ದುಡಿಯುವವನು, ತಾನಾಗಿ ವಾಲ್ವ್ ತಿರುಗಿಸಿ ಬೈಸಿಕೊಳ್ಳಲು ಅವನಿಗೇನು ಹುಚ್ಚೇ? ಸಂಬಂಧಪಟ್ಟವರು ಅವನಿಗೆ ಒಂದು ಚೀಟಿ ಬರೆದುಕೊಟ್ಟರೆ ಆ ಕಡೆಯ ಎರಡು ಸ್ಪ್ರಿಂಕ್ಲರ್ ಇವತ್ತೇ ನಿಲ್ಲುತ್ತವೆ. ದಿಬ್ಬದ ಕೆಲಸವನ್ನು ಮುಂಗಾರಿಗೆ ಮೊದಲೇ ಹಿಡಿಯಲಿ. ಸಸಿಯ ಮಾತು ಮುಂದಿನ ವರ್ಷಕ್ಕಿರಲಿ.

— ನರ್ಸರಿ ನಡೆಸುವ ಓದುಗರು, ಗದಗ